ಮೇಣದ ಲೆಕ್ಕ, ಬಣ್ಣದ ಲೆಕ್ಕ: ಮನೆಯಲ್ಲಿ ಬಾಟಿಕ್ ಬಟ್ಟೆ ತಯಾರಿಸುವ ಕ್ರಮ

ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ ಬಾಟಿಕ್ ಬೇಕೆಂದು ಕೇಳಿದರೆ ಸಾಮಾನ್ಯವಾಗಿ ಎರಡು ಬಗೆಯ ಸರಕನ್ನು ಬಿಚ್ಚಿ ಹಾಸುತ್ತಾರೆ. ಬಾಟಿಕ್ ವಿನ್ಯಾಸವನ್ನು ಯಂತ್ರದಲ್ಲಿ ಅಚ್ಚು ಹಾಕಿದ ಬಟ್ಟೆ ಒಂದಾದರೆ, ಮೇಣ ಹಚ್ಚಿ ಬಣ್ಣದ ನೀರಿನಲ್ಲಿ ಅದ್ದಿ ತೆಗೆದ ನಿಜವಾದ ಬಾಟಿಕ್ ಇನ್ನೊಂದು. ಇವೆರಡನ್ನು ಬೇರ್ಪಡಿಸಲು ಹೆಚ್ಚಿನ ಪರಿಣತಿ ಬೇಕಿಲ್ಲ. ಅಚ್ಚಿನ ಬಟ್ಟೆಯನ್ನು ಮಗುಚಿ ನೋಡಿದರೆ ಹಿಂಬದಿಯ ಬಣ್ಣ ಮಂಕಾಗಿರುತ್ತದೆ. ಅದರ ಮೇಲಿನ ಕೂದಲೆಳೆಯಂಥ ಬಿರುಕಿನ ಗೆರೆಗಳನ್ನು ಬೆರಳಿಟ್ಟು ಹಿಂಬಾಲಿಸಿದರೆ, ತುಸು ದೂರ ಹೋಗುವಷ್ಟರಲ್ಲಿ ಅದೇ ಬಿರುಕು ಅದೇ ತಿರುವಿನೊಂದಿಗೆ ಮತ್ತೆ ಎದುರಾಗುತ್ತದೆ. ಮೇಣದಿಂದ ಮಾಡಿದ ಬಟ್ಟೆಯಲ್ಲಿ ಬಣ್ಣ ಎರಡೂ ಬದಿಗೆ ಸಮನಾಗಿ ಇಳಿದಿರುತ್ತದೆ ಮತ್ತು ಒಂದು ಬಿರುಕಿನಂತೆ ಇನ್ನೊಂದು ಇರುವುದಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ ಬಾಟಿಕ್ ಮಾಡುವ ವಿಧಾನದ ಬಹುಪಾಲು ತಿಳಿದಂತೆಯೇ.

ಸಾಮಾನ್ಯ ಚಿತ್ರಕಲೆಯಲ್ಲಿ ನಾವು ಬಣ್ಣ ಎಲ್ಲಿ ಇರಬೇಕೋ ಅಲ್ಲಿ ಕುಂಚ ಇಡುತ್ತೇವೆ. ಬಾಟಿಕ್‌ನಲ್ಲಿ ಬಣ್ಣ ಎಲ್ಲಿ ಬರಬಾರದೋ ಅಲ್ಲಿ ಮೊದಲು ಕೈ ಇಡಬೇಕಾಗುತ್ತದೆ. ಕಾಯಿಸಿದ ಮೇಣ ನೂಲಿನ ಎಳೆಗಳ ನಡುವೆ ಇಳಿದು ಗಟ್ಟಿಯಾದ ಮೇಲೆ ಆ ಭಾಗಕ್ಕೆ ನೀರು ಸೇರುವುದಿಲ್ಲ. ನೀರು ಸೇರದಿದ್ದ ಮೇಲೆ ನೀರಿನಲ್ಲಿ ಕರಗಿದ ಬಣ್ಣವೂ ಸೇರುವುದಿಲ್ಲ. ಕೊನೆಯಲ್ಲಿ ಮೇಣವನ್ನು ಕರಗಿಸಿ ತೆಗೆದಾಗ ಅದರ ಅಡಿಯಲ್ಲಿ ಅಡಗಿದ್ದ ಬಣ್ಣ, ಅಥವಾ ಬಟ್ಟೆಯ ಮೂಲ ಬಿಳುಪು, ಹಾಗೆಯೇ ಉಳಿದಿರುತ್ತದೆ. ತತ್ವ ಇಷ್ಟೇ. ಆದರೆ ಮೇಣ ಸುಮಾರು 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿಬಿಡುತ್ತದೆ. ಯಾವ ಬಟ್ಟೆ ಆರಿಸಬೇಕು, ಯಾವ ಬಣ್ಣ ನಡೆಯುತ್ತದೆ, ಯಾವುದು ಮೊದಲು ಯಾವುದು ನಂತರ, ಎಷ್ಟು ಹೊತ್ತು ಕಾಯಬೇಕು ಎಂಬ ಎಲ್ಲ ನಿಯಮಗಳೂ ಈ ಒಂದು ಸಂಗತಿಯಿಂದ ಹುಟ್ಟಿದವು. ಕಾರಣ ತಿಳಿಯದೆ ಅಳತೆಗಳನ್ನು ಮಾತ್ರ ಬಾಯಿಪಾಠ ಮಾಡಿಕೊಂಡವರಿಗೆ ಒಂದು ಪದಾರ್ಥ ಸಿಗದಿದ್ದರೂ ಕೆಲಸ ನಿಂತುಹೋಗುತ್ತದೆ. ಕಾರಣ ತಿಳಿದವರು ಬದಲಿ ದಾರಿ ಕಂಡುಕೊಳ್ಳುತ್ತಾರೆ.

ಈ ಕಲೆ ಅತ್ಯಂತ ಸೂಕ್ಷ್ಮವಾಗಿ ಬೆಳೆದದ್ದು ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ. ಅಲ್ಲಿನ ಯೋಗ್ಯಕರ್ತ ಮತ್ತು ಸುರಕರ್ತದ ಅರಮನೆಗಳ ಆಶ್ರಯದಲ್ಲಿ ನೀಲಿ ಮತ್ತು ಮರದ ತೊಗಟೆಯಿಂದ ತೆಗೆದ ಕಂದು ಬಣ್ಣದ ಬಾಟಿಕ್ ರೂಪುಗೊಂಡಿತು. ಕೆಲವು ವಿನ್ಯಾಸಗಳನ್ನು ರಾಜಮನೆತನದವರಲ್ಲದೆ ಬೇರೆಯವರು ಉಡುವಂತಿರಲಿಲ್ಲ. ಉತ್ತರ ಕರಾವಳಿಯ ಪೆಕಲೊಂಗಾನ್ ಪಟ್ಟಣದಲ್ಲಿ ಉಜ್ವಲ ಬಣ್ಣಗಳು ಬಂದವು. ಯುನೆಸ್ಕೊ 2009ರ ಅಕ್ಟೋಬರ್ 2ರಂದು ಇಂಡೊನೇಷ್ಯಾದ ಬಾಟಿಕ್ ಅನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ ಕಛ್‌ನ ಮುಂದ್ರಾ ಮತ್ತು ಉಜ್ಜಯಿನಿಯ ಭೈರವಗಢದಲ್ಲಿ ಮೇಣದ ಅಚ್ಚಿನ ಕೆಲಸ ಇಂದಿಗೂ ನಡೆಯುತ್ತಿದೆ. ರವೀಂದ್ರನಾಥ ಠಾಕೂರರು 1927ರಲ್ಲಿ ಜಾವಾ ಪ್ರವಾಸ ಮಾಡಿ ಬಂದ ನಂತರ ಶಾಂತಿನಿಕೇತನದಲ್ಲಿ ಬಾಟಿಕ್ ಕಲಿಕೆ ನೆಲೆಯೂರಿತು. ನಮಗೆ ಹತ್ತಿರದ ಚೆನ್ನೈ ಬಳಿ ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ 1966ರಲ್ಲಿ ಆರಂಭವಾದ ಚೋಳಮಂಡಲ ಕಲಾಗ್ರಾಮದ ಕಲಾವಿದರು ತಮ್ಮ ಜೀವನೋಪಾಯಕ್ಕೆ ನೆಚ್ಚಿಕೊಂಡ ಕುಶಲಕಲೆಗಳಲ್ಲಿ ಬಾಟಿಕ್ ಮುಖ್ಯವಾದುದಾಗಿತ್ತು. ಇನ್ನು ಮಲೇಷ್ಯಾದ ಕೆಲಂತಾನ್, ತೆರೆಂಗಾನು ಪ್ರಾಂತ್ಯಗಳಲ್ಲಿ ಮೇಣದಿಂದ ಗಡಿರೇಖೆ ಮಾತ್ರ ಎಳೆದು, ಒಳಗಿನ ಬಣ್ಣವನ್ನು ಕುಂಚದಿಂದ ತುಂಬುವ ಪದ್ಧತಿ ಬೆಳೆಯಿತು. ಬೆಂಗಳೂರಿನ ಫ್ಲಾಟೊಂದರ ಬಾಲ್ಕನಿಯಲ್ಲಿ ಬಾಟಿಕ್ ಮಾಡಬೇಕೆನ್ನುವವರಿಗೆ ನನ್ನ ದೃಷ್ಟಿಯಲ್ಲಿ ಹೆಚ್ಚು ಒಗ್ಗುವುದು ಈ ಮಲಯ ಪದ್ಧತಿಯೇ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಮೊದಲು ಬಟ್ಟೆಯ ವಿಷಯ. ಪಾಲಿಯೆಸ್ಟರ್ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ಕುದಿಯುವ ನೀರಿನಷ್ಟೋ ಅದಕ್ಕಿಂತ ಹೆಚ್ಚೋ ಶಾಖ ಬೇಕು. ಆ ಶಾಖದಲ್ಲಿ ಮೇಣ ಉಳಿಯದು. ಆದ್ದರಿಂದ ಪಾಲಿಯೆಸ್ಟರ್ ಬೆರೆತ ಬಟ್ಟೆಯನ್ನು ಬದಿಗಿಟ್ಟು ಅಪ್ಪಟ ಹತ್ತಿಯನ್ನೇ ಆರಿಸಬೇಕು. ಅಂಗಡಿಯವರ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ ಅಂಚಿನ ಒಂದೆರಡು ಎಳೆ ಕಿತ್ತು ಸುಟ್ಟು ನೋಡಬಹುದು: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಲ್, ಕೇಂಬ್ರಿಕ್, ತೆಳು ಪಾಪ್ಲಿನ್ ಇವುಗಳಲ್ಲಿ ಯಾವುದಾದರೂ ಸರಿ. ದಪ್ಪ ಖಾದಿ ನೋಡಲು ಚೆನ್ನ, ಆದರೆ ಅದರ ಆಳಕ್ಕೆ ಮೇಣ ಇಳಿಸುವುದು ಹೊಸಬರಿಗೆ ಕಷ್ಟ. ರೇಷ್ಮೆಯನ್ನು ಆಮೇಲಕ್ಕೆ ಇಟ್ಟುಕೊಳ್ಳುವುದು ಒಳಿತು. ಹತ್ತಿಗೆ ಬಣ್ಣ ಕಚ್ಚಿಸುವ ಸೋಡಾ ರೇಷ್ಮೆಯ ಎಳೆಯನ್ನು ದುರ್ಬಲಗೊಳಿಸುತ್ತದೆ.

ಹೊಸ ಬಟ್ಟೆಯಲ್ಲಿ ಗಂಜಿ ಮತ್ತು ಎಣ್ಣೆಯ ಅಂಶ ಇದ್ದೇ ಇರುತ್ತದೆ. ಅದು ಉಳಿದರೆ ಬಣ್ಣ ಗಂಜಿಗೆ ಹತ್ತಿಕೊಂಡು, ಮೊದಲ ಒಗೆತದಲ್ಲೇ ಗಂಜಿಯೊಂದಿಗೆ ಹೊರಟುಹೋಗುತ್ತದೆ. ಬಟ್ಟೆಯನ್ನು ಸ್ವಲ್ಪ ವಾಷಿಂಗ್ ಸೋಡಾ ಮತ್ತು ಸೋಪಿನ ಪುಡಿ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಚೆನ್ನಾಗಿ ಜಾಲಿಸಿ ಒಣಗಿಸಬೇಕು. ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟಾಗ ಅದು ಮುತ್ತಿನಂತೆ ನಿಲ್ಲದೆ ತಕ್ಷಣ ಇಂಗಿದರೆ ಬಟ್ಟೆ ಸಿದ್ಧವಾಗಿದೆ ಎಂದರ್ಥ.

ಇಲ್ಲಿಯೇ ಬೆಂಗಳೂರಿನ ನೀರಿನ ಪ್ರಶ್ನೆಯೂ ಬರುತ್ತದೆ. ಕಾವೇರಿ ನೀರು ಬರುವ ಮನೆಗಳಲ್ಲಿ ಇದು ದೊಡ್ಡ ತೊಡಕಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡ ಬಡಾವಣೆಗಳಲ್ಲಿ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಂಶಗಳು ಸೋಡಾದೊಡನೆ ಸೇರಿ ಬಿಳಿ ಗಸಿಯಾಗಿ ಬಟ್ಟೆಯ ಮೇಲೆ ಕೂರುತ್ತವೆ, ಬಣ್ಣ ಮಂಕಾಗಿ ಕಲೆಕಲೆಯಾಗುತ್ತದೆ. ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ, ಸೋಪು ನೊರೆ ಬಾರದಿದ್ದರೆ, ನೀರು ಗಡಸು ಎಂದು ತಿಳಿಯಬೇಕು. ಬಣ್ಣ ಕಲಸುವುದಕ್ಕಾದರೂ ಆರ್‌ಒ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಬೇಕು. ಅದೂ ಸಾಲದಿದ್ದರೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಎಂಬ ಪುಡಿಯನ್ನು ಚಿಟಿಕೆಯಷ್ಟು ಸೇರಿಸಿ ನೀರನ್ನು ಮೆದುಗೊಳಿಸಬಹುದು.

ಮೇಣಕ್ಕೆ ಬರೋಣ. ಮೇಣದಬತ್ತಿ ಮಾಡುವ ಪ್ಯಾರಾಫಿನ್ ಅಗ್ಗ, ಆದರೆ ಪೆಡಸು. ಬಟ್ಟೆ ಮಡಿಸಿದರೆ ಒಡೆದು ಉದುರುತ್ತದೆ. ಜೇನುಮೇಣ ದುಬಾರಿ, ಆದರೆ ಮೃದು. ಬಟ್ಟೆಯೊಂದಿಗೆ ಬಾಗುತ್ತದೆ, ಬಿಡದೆ ಅಂಟಿಕೊಳ್ಳುತ್ತದೆ. ಇವೆರಡರ ಪ್ರಮಾಣವೇ ಬಟ್ಟೆಯ ಮೇಲೆ ಎಷ್ಟು ಬಿರುಕು ಬರಬೇಕೆಂಬುದನ್ನು ನಿರ್ಧರಿಸುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ಸೂಕ್ಷ್ಮ ಗೆರೆಗಳಿಗೆ ಒಳ್ಳೆಯದು. ಪ್ಯಾರಾಫಿನ್ 70 ಪಾಲು, ಜೇನುಮೇಣ 30 ಪಾಲು ಇಟ್ಟುಕೊಂಡರೆ ಬಿರುಕು ಧಾರಾಳವಾಗಿ ಬರುತ್ತದೆ. ಅಂಟು ಹೆಚ್ಚಲೆಂದು ಸ್ವಲ್ಪ ರಾಳವನ್ನು ಸೇರಿಸುವ ರೂಢಿಯೂ ಇದೆ. ಜೇನುಮೇಣ ಮತ್ತು ರಾಳಕ್ಕೆ ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಸುತ್ತಿನ ಗ್ರಂಥಿಗೆ ಅಂಗಡಿಗಳಲ್ಲಿ ವಿಚಾರಿಸಬಹುದು. ಜೇನುಮೇಣವೆಂದು ಕೊಂಡದ್ದಕ್ಕೆ ಜೇನಿನ ವಾಸನೆಯೇ ಇಲ್ಲದಿದ್ದರೆ ಅದರಲ್ಲಿ ಪ್ಯಾರಾಫಿನ್ ಬೆರೆತಿರುವ ಸಾಧ್ಯತೆ ಹೆಚ್ಚು.

ಬಿರುಕಿನ ಬಗ್ಗೆ ಒಂದು ಮಾತು. ಜಾವಾದ ಹಳೆಯ ಕುಶಲಕರ್ಮಿಗಳು ಬಿರುಕನ್ನು ಕೆಲಸದ ದೋಷವೆಂದೇ ಕಾಣುತ್ತಿದ್ದರು. ಅವರ ಉತ್ತಮ ಬಟ್ಟೆಗಳಲ್ಲಿ ಎರಡೂ ಬದಿಗೆ ಮೇಣ ಎಳೆದು ಬಣ್ಣ ಎಲ್ಲೂ ಜಿನುಗದಂತೆ ನೋಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಮಾತ್ರ ಬಿರುಕೇ ಬಾಟಿಕ್‌ನ ಗುರುತು ಎಂಬಂತಾಗಿದೆ. ಎರಡೂ ಸರಿಯೇ. ಆದರೆ ಮೊದಲ ದಿನವೇ ಬಟ್ಟೆಯನ್ನು ಮುದ್ದೆ ಮಾಡಿ ಹಿಂಡಿ ಬಿರುಕು ತರಿಸುವವರು ಗೆರೆ ಎಳೆಯುವುದನ್ನು ಕಲಿಯುವುದಿಲ್ಲ ಎಂಬುದು ನನ್ನ ಆಕ್ಷೇಪ. ಬಿರುಕು ಎಷ್ಟೋ ತಪ್ಪುಗಳನ್ನು ಮುಚ್ಚಿಬಿಡುತ್ತದೆ.

ಮೇಣ ಕರಗುವುದು 60 ಡಿಗ್ರಿ ಆಸುಪಾಸಿನಲ್ಲಾದರೂ ಆ ಉಷ್ಣತೆಯಲ್ಲಿ ಅದು ಕೆಲಸಕ್ಕೆ ಬಾರದು. ಪಾತ್ರೆಯಿಂದ ಬಟ್ಟೆಗೆ ಬರುವಷ್ಟರಲ್ಲೇ ಅದು ತಣಿದು ಮೇಲ್ಮೈಯಲ್ಲಿ ಮಾತ್ರ ಕೂರುತ್ತದೆ, ಅಡಿಯಿಂದ ಬಣ್ಣ ನುಸುಳುತ್ತದೆ. ಬಟ್ಟೆಯನ್ನು ತೂರಿ ಹಿಂಬದಿ ತಲುಪಲು ಮೇಣಕ್ಕೆ 110ರಿಂದ 130 ಡಿಗ್ರಿಯಷ್ಟು ಶಾಖ ಬೇಕು. ಕುದಿಯುವ ನೀರಿನ ಪಾತ್ರೆಯೊಳಗೆ ಮೇಣದ ಪಾತ್ರೆ ಇಟ್ಟು ಕರಗಿಸುವ ವಿಧಾನ ಸುರಕ್ಷಿತವೆಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುವುದರಿಂದ ಒಳಗಿನ ಮೇಣ ಅದನ್ನು ಮೀರಿ ಕಾಯುವುದೇ ಇಲ್ಲ. ಮಲ್ ಬಟ್ಟೆಗೆ ಅಷ್ಟು ಶಾಖ ಹೇಗೋ ಸಾಕಾಗುತ್ತದೆ, ಪಾಪ್ಲಿನ್‌ಗೆ ಸಾಲದು. ಹೀಗಾಗಿ ಹೊಸಬರು ತೆಳು ಬಟ್ಟೆ ಮತ್ತು ನೀರಿನ ಪಾತ್ರೆಯಿಂದ ಆರಂಭಿಸಿ, ಕೈ ಪಳಗಿದ ನಂತರ ದಪ್ಪ ತಳದ ಸ್ಟೀಲ್ ಪಾತ್ರೆಯನ್ನು ಇಂಡಕ್ಷನ್ ಒಲೆಯ ಮೇಲೆ ನೇರವಾಗಿ ಇಟ್ಟುಕೊಳ್ಳಬಹುದು. ಆಗ ಮಾತ್ರ ಅಡುಗೆಯ ಥರ್ಮಾಮೀಟರ್ ಒಂದು ಮೇಣದಲ್ಲಿ ಇರಲೇಬೇಕು. ಒಲೆಯ ಫಲಕ ತೋರಿಸುವ ಅಂಕಿ ಮೇಣದ ಉಷ್ಣತೆಯಲ್ಲ.

ಗ್ಯಾಸ್ ಒಲೆಯ ಮೇಲೆ ಮೇಣವನ್ನು ನೇರವಾಗಿ ಕಾಯಿಸಬಾರದು. ಹೊಗೆ ಕಾಣಿಸಿದರೆ ಮೇಣ ಅತಿಯಾಗಿ ಕಾದಿದೆ ಎಂದರ್ಥ, ಆ ಹೊಗೆ ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಇನ್ನೂ ಕಾದು 200 ಡಿಗ್ರಿಯ ಆಸುಪಾಸಿಗೆ ಹೋದರೆ ಆವಿಗೆ ಬೆಂಕಿ ಹತ್ತಿಕೊಳ್ಳಬಹುದು. ಹತ್ತಿದ ಬೆಂಕಿಗೆ ಎಂದಿಗೂ ನೀರು ಹಾಕಬಾರದು. ಕಾದ ಮೇಣದಲ್ಲಿ ಬಿದ್ದ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಉರಿಯುವ ಮೇಣವನ್ನು ನಾಲ್ಕೂ ಕಡೆಗೆ ಸಿಡಿಸುತ್ತದೆ. ಪಾತ್ರೆಗೆ ಸರಿಯಾಗಿ ಕೂರುವ ತಟ್ಟೆಯೊಂದನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದು, ಅದನ್ನು ಮುಚ್ಚಿ ಒಲೆ ಆರಿಸಿದರೆ ಗಾಳಿಯಿಲ್ಲದೆ ಬೆಂಕಿ ತಾನಾಗಿ ನಂದುತ್ತದೆ.

ಗೆರೆ ಎಳೆಯುವ ಸಾಧನಕ್ಕೆ ಚಾಂಟಿಂಗ್ ಎಂದು ಹೆಸರು. ಮರದ ಹಿಡಿಕೆ, ಅದರ ತುದಿಗೆ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ತಾಮ್ರದ ಬಟ್ಟಲು, ಬಟ್ಟಲಿನ ಮುಂದೆ ಕೊಕ್ಕಿನಂಥ ಸಣ್ಣ ನಳಿಕೆ, ಇಷ್ಟೇ ಅದರ ರಚನೆ. ತಾಮ್ರ ಶಾಖವನ್ನು ಬೇಗ ಹೀರುವುದರಿಂದ ಬಟ್ಟಲನ್ನು ಮೇಣದಲ್ಲಿ ಅರ್ಧ ನಿಮಿಷ ಮುಳುಗಿಸಿಟ್ಟರೆ ಒಳಗಿನ ಮೇಣ ಹರಿಯುವಷ್ಟು ಬಿಸಿಯಾಗಿರುತ್ತದೆ. ಮೇಣ ತುಂಬಿದ ಚಾಂಟಿಂಗ್ ಅನ್ನು ಪಾತ್ರೆಯಿಂದ ಬಟ್ಟೆಯವರೆಗೆ ತರುವಾಗ ನಳಿಕೆಯ ಅಡಿಗೆ ಮಡಿಸಿದ ಬಟ್ಟೆಚೂರು ಹಿಡಿದಿರಬೇಕು, ಇಲ್ಲದಿದ್ದರೆ ದಾರಿಯುದ್ದಕ್ಕೂ ಹನಿ ಬೀಳುತ್ತದೆ. ಬಿದ್ದ ಹನಿಯನ್ನು ಪೂರ್ತಿಯಾಗಿ ತೆಗೆಯುವ ಉಪಾಯವಿಲ್ಲ. ಅದನ್ನು ಹೂವಿನ ಮೊಗ್ಗಾಗಿಯೋ ಹಿನ್ನೆಲೆಯ ಚುಕ್ಕಿಯಾಗಿಯೋ ವಿನ್ಯಾಸದೊಳಗೆ ಸೇರಿಸಿಕೊಳ್ಳುವುದೇ ಜಾಣತನ.

ಮೆಹಂದಿ ಕೋನ್ ಹಿಡಿದು ಅಭ್ಯಾಸವಿರುವವರಿಗೆ ಈ ಗೆರೆಯ ವೇಗ ಬೇಗ ಕೈಗೆ ಹತ್ತುತ್ತದೆ, ಆದರೆ ಒಂದು ವ್ಯತ್ಯಾಸವಿದೆ: ಮೆಹಂದಿ ನಾವು ಒತ್ತಿದರೆ ಮಾತ್ರ ಬರುತ್ತದೆ, ಮೇಣ ತಾನಾಗಿ ಹರಿಯುತ್ತಲೇ ಇರುತ್ತದೆ. ಕೈ ನಿಂತಲ್ಲಿ ಮೇಣ ಗುಂಡಗೆ ಹರಡಿಕೊಳ್ಳುತ್ತದೆ. ಬಟ್ಟೆಯನ್ನು ಮರದ ಚೌಕಟ್ಟಿಗೆ ಡ್ರಾಯಿಂಗ್ ಪಿನ್ನುಗಳಿಂದ ಬಿಗಿಯಾಗಿ ಹೊಡೆದು, ಚೌಕಟ್ಟಿನ ಒಂದು ಅಂಚನ್ನು ಸ್ವಲ್ಪ ಎತ್ತರಿಸಿ ಇಟ್ಟುಕೊಂಡರೆ ಕೆಲಸ ಸುಲಭ; ಬಟ್ಟೆ ಮೇಜಿಗೆ ತಗುಲಿದರೆ ಮೇಣ ಮೇಜಿಗೇ ಅಂಟುತ್ತದೆ. ಗೆರೆಯ ಬಣ್ಣವೇ ಮೇಣದ ಶಾಖವನ್ನು ಹೇಳುತ್ತದೆ. ಬಟ್ಟೆಗೆ ಬಿದ್ದ ಗೆರೆ ಎಣ್ಣೆ ಹೀರಿದ ಕಾಗದದಂತೆ ಪಾರಭಾಸಕವಾಗಿ ಕಂಡರೆ ಮೇಣ ಆಳಕ್ಕಿಳಿದಿದೆ. ಹಾಲಿನ ಕೆನೆಯಂತೆ ಬಿಳಿಯಾಗಿ ಉಬ್ಬಿ ನಿಂತರೆ ಮೇಣ ತಣ್ಣಗಿದೆ, ಆ ಗೆರೆಯನ್ನು ಹಿಂಬದಿಯಿಂದ ಮತ್ತೊಮ್ಮೆ ಎಳೆಯಬೇಕು. ಗೆರೆ ಎರಡು ಗೆರೆಗಳಷ್ಟು ದಪ್ಪವಾಗಿ ಹರಡಿಕೊಂಡರೆ ಮೇಣ ಅತಿಯಾಗಿ ಕಾದಿದೆ. ದೊಡ್ಡ ಜಾಗ ಮುಚ್ಚಲು ಗಡಸು ಕೂದಲಿನ ಹಳೆಯ ಕುಂಚ ಸಾಕು. ನೈಲಾನ್ ಕುಂಚದ ಎಳೆಗಳು ಆ ಶಾಖಕ್ಕೆ ಸುರುಟಿಕೊಳ್ಳುತ್ತವೆ.

ಈಗ ಬಣ್ಣ. ಮೇಣ ಉಳಿಯಬೇಕಾದರೆ ಬಣ್ಣದ ನೀರು ತಣ್ಣಗಿರಬೇಕು. ಹೆಚ್ಚಿನ ಹತ್ತಿ ಬಣ್ಣಗಳು ಬಿಸಿನೀರಿನಲ್ಲೇ ಕಚ್ಚಿಕೊಳ್ಳುವಂಥವು. ಹಿಂದೆ ಈ ಸಮಸ್ಯೆಗೆ ನೀಲಿ ಗಿಡದಿಂದ ತೆಗೆದ ನೀಲಿಯೇ (ಇಂಡಿಗೊ) ಉತ್ತರವಾಗಿತ್ತು, ಏಕೆಂದರೆ ಹುದುಗಿಸಿದ ನೀಲಿಯ ತೊಟ್ಟಿಗೆ ಬಿಸಿ ಅಗತ್ಯವಿಲ್ಲ. ಬಾಟಿಕ್ ಸಂಪ್ರದಾಯಗಳಲ್ಲಿ ನೀಲಿ ಅಷ್ಟೊಂದು ಕಾಣಿಸುವುದಕ್ಕೆ ಇದೂ ಒಂದು ಕಾರಣ. ನಂತರ ನಾಫ್ತಾಲ್ ಬಣ್ಣಗಳು ಬಂದವು. ಬಟ್ಟೆಯನ್ನು ಮೊದಲು ಒಂದು ದ್ರಾವಣದಲ್ಲಿ, ಬಳಿಕ ಇನ್ನೊಂದರಲ್ಲಿ ಅದ್ದಿದ ಕೂಡಲೇ ಗಾಢ ಬಣ್ಣ ಕಣ್ಣೆದುರೇ ಮೂಡುತ್ತದೆ. ಭಾರತದ ಬಾಟಿಕ್ ಕೇಂದ್ರಗಳಲ್ಲಿ ಇವು ವ್ಯಾಪಕವಾಗಿ ಬಳಕೆಯಲ್ಲಿದ್ದವು. ಆದರೆ ಇವುಗಳಿಗೆ ಕಾಸ್ಟಿಕ್ ಸೋಡಾ ಬೇಕು, ಮತ್ತು ಅಜೋ ಎಂಬ ಈ ಜಾತಿಯ ಬಣ್ಣಗಳಲ್ಲಿ ಕೆಲವು ಒಡೆದಾಗ ಅಮೀನ್ ಎಂಬ ಕ್ಯಾನ್ಸರ್‌ಕಾರಕ ರಾಸಾಯನಿಕಗಳು ಹೊರಬರುತ್ತವೆ. ಅಂಥ ಹಲವು ಅಜೋ ಬಣ್ಣಗಳನ್ನು ಭಾರತ ಸರ್ಕಾರ 1990ರ ದಶಕದಲ್ಲಿ ನಿಷೇಧಿಸಿದೆ. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕರೂ, ಮಕ್ಕಳು ಓಡಾಡುವ ಮನೆಯಲ್ಲಿ ನಾಫ್ತಾಲ್ ಬೇಡವೆಂದೇ ನಾನು ಹೇಳುತ್ತೇನೆ.

ಮನೆಗೆ ತಕ್ಕುದು ತಣ್ಣೀರಿನ ರಿಯಾಕ್ಟಿವ್ ಬಣ್ಣ. ಬ್ರಿಟನ್ನಿನ ಐಸಿಐ ಕಂಪನಿ ಪ್ರೋಸಿಯಾನ್ ಹೆಸರಿನಲ್ಲಿ 1956ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಉಳಿದ ಬಣ್ಣಗಳು ನೂಲಿನ ಒಳಗೆ ಸಿಕ್ಕಿಹಾಕಿಕೊಂಡು ಉಳಿಯುತ್ತವೆ. ರಿಯಾಕ್ಟಿವ್ ಬಣ್ಣದ ಅಣು ಹತ್ತಿಯ ಸೆಲ್ಯುಲೋಸ್ ಅಣುವಿನೊಂದಿಗೆ ರಾಸಾಯನಿಕ ಬಂಧವನ್ನೇ ಬೆಸೆದುಕೊಳ್ಳುತ್ತದೆ. ಆ ಬಂಧಕ್ಕೆ ಶಾಖದ ಬದಲು ಕ್ಷಾರ ಪ್ರೇರಣೆ ಕೊಡುತ್ತದೆ, ಅದಕ್ಕಾಗಿಯೇ ಸೋಡಾ ಆಶ್ ಎಂಬ ಕ್ಷಾರದ ಪುಡಿ. ಅಂಗಡಿಗಳಲ್ಲಿ ಈ ಬಣ್ಣವನ್ನು ಕೋಲ್ಡ್ ಬ್ರ್ಯಾಂಡ್ ಅಥವಾ ಎಂ ಬ್ರ್ಯಾಂಡ್ ಎನ್ನುತ್ತಾರೆ. ಎಚ್ ಬ್ರ್ಯಾಂಡ್ ಕೊಟ್ಟರೆ ತೆಗೆದುಕೊಳ್ಳಬಾರದು, ಅದು ಬಿಸಿನೀರಿನ ಬಣ್ಣ. ಇನ್ನೊಂದು ಎಚ್ಚರಿಕೆ ಸೋಡಾದ ಬಗ್ಗೆ. ಅಡುಗೆ ಸೋಡಾ ಈ ಕೆಲಸಕ್ಕೆ ದುರ್ಬಲ. ಹರಳಿನ ರೂಪದ ವಾಷಿಂಗ್ ಸೋಡಾ ನಡೆಯುತ್ತದೆ, ಆದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಪುಡಿ ಸೋಡಾ ಆಶ್‌ನ ಸುಮಾರು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಹಾಕಬೇಕು.

ರಿಯಾಕ್ಟಿವ್ ಬಣ್ಣಕ್ಕೆ ಒಂದು ದೌರ್ಬಲ್ಯವೂ ಇದೆ. ಸೋಡಾ ಸೇರಿದ ಕ್ಷಣದಿಂದ ಅದು ಬಟ್ಟೆಯೊಂದಿಗೆ ಮಾತ್ರವಲ್ಲ, ನೀರಿನೊಂದಿಗೂ ಕೂಡಿಕೊಳ್ಳತೊಡಗುತ್ತದೆ. ಕೆಲವು ಗಂಟೆಗಳಲ್ಲಿ ಬಣ್ಣದ ನೀರು ನೋಡಲು ಹಾಗೆಯೇ ಇದ್ದರೂ ಕಚ್ಚುವ ಶಕ್ತಿ ಕಳೆದುಕೊಂಡಿರುತ್ತದೆ. ನಿನ್ನೆ ಸೋಡಾ ಬೆರೆಸಿಟ್ಟ ಬಣ್ಣ ಇಂದು ಕೆಲಸಕ್ಕೆ ಬಾರದು. ಪುಡಿಯನ್ನು ಅಳೆಯುವಾಗ ಮಾಸ್ಕ್ ಮತ್ತು ಕೈಗವಸು ಕಡ್ಡಾಯ, ಫ್ಯಾನ್ ಆರಿಸಿರಬೇಕು. ಈ ಪುಡಿ ಶ್ವಾಸಕೋಶಕ್ಕೆ ಹೋಗುತ್ತಿದ್ದರೆ ಕೆಲವರಿಗೆ ಉಬ್ಬಸದಂಥ ಅಲರ್ಜಿ ಅಂಟಿಕೊಳ್ಳುತ್ತದೆ. ಅಡುಗೆಯ ಪಾತ್ರೆ, ಚಮಚಗಳನ್ನು ಇದಕ್ಕೆ ಬಳಸಿ ಮತ್ತೆ ಅಡುಗೆಮನೆಗೆ ಒಯ್ಯಬಾರದು.

ಬಣ್ಣಗಳ ಅನುಕ್ರಮವನ್ನು ಒಂದು ಉದಾಹರಣೆಯಿಂದ ನೋಡೋಣ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಅರಳುವ ಹಳದಿ ಟಬೂಬಿಯಾ ಹೂಗೊಂಚಲನ್ನು ಕಡುನೀಲಿ ಹಿನ್ನೆಲೆಯ ಮೇಲೆ ತರಬೇಕೆಂದುಕೊಳ್ಳಿ. ಮೊದಲು ಬಿಳಿಯಾಗಿ ಉಳಿಯಬೇಕಾದ ಚುಕ್ಕಿ, ಗೆರೆಗಳಿಗೆ ಮೇಣ ಹಾಕಿ ಇಡೀ ಬಟ್ಟೆಯನ್ನು ಹಳದಿಯಲ್ಲಿ ಅದ್ದಬೇಕು. ಒಣಗಿದ ಮೇಲೆ ದಳಗಳಿಗೆ ಮೇಣ ಹಚ್ಚಿದರೆ ಹಳದಿ ಅಲ್ಲಿ ಭದ್ರವಾಯಿತು. ಬಳಿಕ ತಿಳಿನೀಲಿಯಲ್ಲಿ ಅದ್ದಿದರೆ ಉಳಿದ ಹಳದಿಯೆಲ್ಲ ಹಸಿರಾಗುತ್ತದೆ. ಎಲೆಗಳಿಗೆ ಮೇಣ ಹಚ್ಚಿ ಹಸಿರನ್ನು ಭದ್ರಪಡಿಸಬೇಕು. ಕೊನೆಗೆ ಕಡುನೀಲಿ. ಪ್ರತಿಯೊಂದು ಬಣ್ಣವೂ ಹಿಂದಿನದರ ಮೇಲೆ ಕೂಡಿಕೊಳ್ಳುತ್ತದೆ, ಯಾವುದನ್ನೂ ಕಳೆಯಲು ಆಗುವುದಿಲ್ಲ. ತಿಳಿಯಿಂದ ಗಾಢಕ್ಕೆ ಹೋಗಬೇಕೆಂಬ ನಿಯಮಕ್ಕೆ ಇದೇ ಕಾರಣ.

ಅದೇ ಬಟ್ಟೆಯಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಹೂವೂ ಬೇಕೆಂದರೆ ಈ ವಿಧಾನ ಕೈಕೊಡುತ್ತದೆ. ಹಳದಿಯ ಮೇಲೆ ಬಿದ್ದ ಗುಲಾಬಿ ಕಿತ್ತಳೆಯಾಗುತ್ತದೆಯೇ ಹೊರತು ಗುಲಾಬಿಯಾಗಿ ಉಳಿಯದು. ಇಲ್ಲಿ ನೆರವಿಗೆ ಬರುವುದು ಮಲಯ ಪದ್ಧತಿ. ಪ್ರತಿ ದಳ, ಪ್ರತಿ ಎಲೆಯ ಸುತ್ತ ಮೇಣದ ಗೆರೆಯನ್ನು ಮುಚ್ಚಿದ ಆವರಣದಂತೆ ಎಳೆದುಬಿಟ್ಟರೆ ಒಂದು ಮನೆಯ ಬಣ್ಣ ಇನ್ನೊಂದಕ್ಕೆ ಹರಿಯುವುದಿಲ್ಲ; ಹಳದಿ, ಗುಲಾಬಿ, ಹಸಿರು ಅಕ್ಕಪಕ್ಕದಲ್ಲೇ ತಂಗಬಹುದು. ಬಕೆಟ್ಟುಗಟ್ಟಲೆ ಬಣ್ಣದ ನೀರೂ ಬೇಕಿಲ್ಲ, ಪ್ರತಿ ಬಣ್ಣಕ್ಕೆ ಒಂದು ಬಟ್ಟಲು ಸಾಕು. ನೀರಿನ ಅಭಾವದ ನಗರದಲ್ಲಿ, ಇಕ್ಕಟ್ಟಾದ ಮನೆಯಲ್ಲಿ, ಇದಕ್ಕಿಂತ ಅನುಕೂಲವಾದ ಕ್ರಮ ನನಗೆ ತಿಳಿದಿಲ್ಲ.

ಕುಂಚದ ವಿಧಾನಕ್ಕೆ ಬಟ್ಟೆಯನ್ನು ಮೇಣ ಹಚ್ಚುವ ಮೊದಲೇ ಸೋಡಾದಲ್ಲಿ ನೆನೆಸಿಡುವುದು ಸುಲಭದ ದಾರಿ. ಲೀಟರ್ ನೀರಿಗೆ 40ರಿಂದ 60 ಗ್ರಾಂ ಸೋಡಾ ಆಶ್ ಕರಗಿಸಿ ಅದರಲ್ಲಿ ಕಾಲು ಗಂಟೆ ನೆನೆಸಿ, ಜಾಲಿಸದೆ ಹಿಂಡಿ ನೆರಳಲ್ಲಿ ಒಣಗಿಸಬೇಕು. ಈ ಬಟ್ಟೆಗೆ ಇಸ್ತ್ರಿ ಹಾಕಬಾರದು, ಸೋಡಾ ಇರುವಲ್ಲಿ ಹತ್ತಿ ಬೇಗ ಕಂದಿಹೋಗುತ್ತದೆ. ನಂತರ ಪೆನ್ಸಿಲಿನಲ್ಲಿ ತೆಳುವಾಗಿ ವಿನ್ಯಾಸ ಬರೆದು ಮೇಣದ ಗೆರೆ ಎಳೆಯಬೇಕು. ಬಣ್ಣಕ್ಕೆ ಲೀಟರಿಗೆ ಸುಮಾರು 100 ಗ್ರಾಂ ಯೂರಿಯಾ ಕರಗಿಸಿದ ನೀರನ್ನು ಬಳಸಬೇಕು. ಯೂರಿಯಾ ತೇವವನ್ನು ಹಿಡಿದಿಡುತ್ತದೆ, ತೇವ ಇರುವವರೆಗೆ ಮಾತ್ರ ಬಣ್ಣ ಮತ್ತು ಬಟ್ಟೆಯ ಬೆಸುಗೆ ನಡೆಯುತ್ತದೆ. ಗೊಬ್ಬರದ ಯೂರಿಯಾ ಬೇಡ. ನಮ್ಮ ದೇಶದಲ್ಲಿ ಅದಕ್ಕೆ ಬೇವಿನೆಣ್ಣೆಯ ಲೇಪ ಇರುತ್ತದೆ, ಆ ಎಣ್ಣೆ ಬಟ್ಟೆಗೆ ಅಂಟಿ ಕಲೆಯಾಗುತ್ತದೆ. ರಾಸಾಯನಿಕದ ಅಂಗಡಿಯಲ್ಲಿ ಸಿಗುವ ಶುದ್ಧ ಯೂರಿಯಾ ತರಬೇಕು. ಇಂಥ 250 ಮಿ.ಲೀ. ನೀರಿಗೆ 3ರಿಂದ 5 ಗ್ರಾಂ ಬಣ್ಣದ ಪುಡಿ ಹಾಕಿದರೆ ಮಧ್ಯಮ ಗಾಢತೆ ಬರುತ್ತದೆ, ಕಪ್ಪಿಗೆ ಅದರ ದುಪ್ಪಟ್ಟು ಬೇಕು. ಬಣ್ಣ ಹೆಚ್ಚು ಹರಿಯುತ್ತಿದ್ದರೆ ಕಡಲಪಾಚಿಯಿಂದ ತಯಾರಾದ ಸೋಡಿಯಂ ಆಲ್ಜಿನೇಟ್ ಸೇರಿಸಿ ಸ್ವಲ್ಪ ಮಂದ ಮಾಡಿಕೊಳ್ಳಬಹುದು. ಮೈದಾ, ಗಂಜಿಯಂಥವು ಬೇಡ, ಅವು ಬಣ್ಣವನ್ನು ತಾವೇ ಕಬಳಿಸುತ್ತವೆ.

ಬಣ್ಣ ತುಂಬುವ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ಗೆರೆಗಳನ್ನು ಪರೀಕ್ಷಿಸಬೇಕು. ಸೂಜಿಮೊನೆಯಷ್ಟು ಬಿರಿದ ಜಾಗವೂ ಸಾಕು, ಬಣ್ಣ ಅಲ್ಲಿಂದ ನುಸುಳಿ ಪಕ್ಕದ ದಳಕ್ಕೆ ಸೇರುತ್ತದೆ. ದಳದ ಅಂಚಿಗೆ ಕುಂಚ ಒಯ್ಯಬೇಕಾಗಿಲ್ಲ. ನಡುವೆ ಒಂದು ಹನಿ ಇಟ್ಟರೆ ಅದು ನೂಲಿನ ಎಳೆಯನ್ನು ಹಿಡಿದು ನಾಲ್ಕೂ ಕಡೆಗೆ ಹರಡಿ ಮೇಣದ ಗೆರೆಗೆ ತಾಗಿ ನಿಲ್ಲುತ್ತದೆ. ಬಣ್ಣ ಆರುವ ಮುನ್ನ ಒಂದು ಬದಿಗೆ ಸಾದಾ ನೀರಿನ ಕುಂಚ ತಾಗಿಸಿದರೆ ಅಲ್ಲಿ ಬಣ್ಣ ತಿಳಿಯಾಗುತ್ತದೆ. ಹಳದಿ ದಳದ ಬುಡಕ್ಕೆ ಚೂರು ಕೆಂಪು ಇಟ್ಟರೆ ಎರಡೂ ಹೊಲಿಗೆ ಕಾಣದಂತೆ ಬೆರೆಯುತ್ತವೆ. ಅದ್ದುವ ಬಾಟಿಕ್‌ನಲ್ಲಿ ಈ ಛಾಯೆ ಸಾಧ್ಯವೇ ಇಲ್ಲ.

ಬಣ್ಣ ತುಂಬಿದ ಬಟ್ಟೆಯನ್ನು ಒಣಗಲು ಬಿಡದೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿಡಬೇಕು. 25 ಡಿಗ್ರಿಯ ಮೇಲಿನ ಹವೆಯಲ್ಲಿ ಒಂದು ರಾತ್ರಿ ಸಾಕು. ಡಿಸೆಂಬರ್, ಜನವರಿಯ ಬೆಂಗಳೂರಿನ ರಾತ್ರಿಗಳಲ್ಲಿ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಪೂರ್ತಿ ಒಂದು ದಿನಕ್ಕಿಂತ ಹೆಚ್ಚು ಬೇಕಾಗಬಹುದು. ಚಳಿಗಾಲದಲ್ಲಿ ಮಾಡಿದ ಬಟ್ಟೆಯ ಬಣ್ಣ ಒಗೆದಾಗ ಹೋಗುತ್ತದೆಂಬ ದೂರಿಗೆ ಬಹುಮಟ್ಟಿಗೆ ಈ ಅವಸರವೇ ಕಾರಣ. ಬೇಸಿಗೆಯಲ್ಲಿ ತೊಂದರೆ ಬೇರೆ ದಿಕ್ಕಿನದು: ಏಪ್ರಿಲ್ ಮಧ್ಯಾಹ್ನ ತಾರಸಿಯ ಬಿಸಿಲಿಗೆ ಹಾಕಿದರೆ ಮೇಣ ಮೆತ್ತಗಾಗಿ ಗೆರೆ ಕಲಸಿಹೋಗುತ್ತದೆ.

ಹಿನ್ನೆಲೆಯನ್ನು ಕಡುಬಣ್ಣದಲ್ಲಿ ಅದ್ದಬೇಕೆಂದಿದ್ದರೆ, ಕುಂಚದ ಕೆಲಸವನ್ನು ತಣ್ಣೀರಿನಲ್ಲಿ ಜಾಲಿಸಿ ಒಣಗಿಸಿದ ನಂತರ ಹೂವು, ಎಲೆಗಳನ್ನೆಲ್ಲ ಮೇಣದಿಂದ ಪೂರ್ತಿ ಮುಚ್ಚಬೇಕು. ಬಿರುಕು ಬೇಕಾದವರು ಈಗ ಬಟ್ಟೆಯನ್ನು ಐಸ್ ಹಾಕಿದ ನೀರಿನಲ್ಲಿ ಕೆಲಹೊತ್ತು ಇಟ್ಟು, ಬೇಕಾದ ಕಡೆ ಮಾತ್ರ ಬೆರಳುಗಳಿಂದ ಮುರಿಯಬಹುದು. ಅದ್ದುವ ನೀರಿಗೆ ಲೀಟರಿಗೆ 50 ಗ್ರಾಂ ಉಪ್ಪು ಮತ್ತು ಬಣ್ಣ ಹಾಕಿ, ಬಟ್ಟೆಯನ್ನು ಅಗಲವಾದ ಟಬ್ಬಿನಲ್ಲಿ 20 ನಿಮಿಷ ಆಡಿಸಿ, ಬಟ್ಟೆಯನ್ನು ಹೊರತೆಗೆದು ಲೀಟರಿಗೆ 20 ಗ್ರಾಂ ಸೋಡಾ ಆಶ್ ಕರಗಿಸಿ, ಮತ್ತೆ ಮುಕ್ಕಾಲು ಗಂಟೆ ಇಡಬೇಕು. ಉಪ್ಪು ಬಣ್ಣವನ್ನು ನೀರಿನಿಂದ ಬಟ್ಟೆಯತ್ತ ತಳ್ಳುತ್ತದೆ, ಸೋಡಾ ಅದನ್ನು ಅಲ್ಲಿ ಬೆಸೆಯುತ್ತದೆ. ಹಾಗಾಗಿ ಉಪ್ಪು ಮೊದಲು, ಸೋಡಾ ನಂತರ.

ಮೇಣ ತೆಗೆಯುವ ಮುನ್ನ ಬಟ್ಟೆಗೆ ಕಚ್ಚದೆ ಉಳಿದ ಬಣ್ಣವೆಲ್ಲ ಹೋಗುವವರೆಗೆ ತಣ್ಣೀರಿನಲ್ಲಿ ಜಾಲಿಸಬೇಕು, ಇಲ್ಲದಿದ್ದರೆ ಕುದಿಯುವಾಗ ಅದು ಬಿಳಿ ಭಾಗಕ್ಕೆ ಹತ್ತುತ್ತದೆ. ಹಳೆಯ ದಿನಪತ್ರಿಕೆಗಳ ನಡುವೆ ಬಟ್ಟೆ ಇಟ್ಟು ಇಸ್ತ್ರಿ ಮಾಡಿದರೆ ಹೆಚ್ಚಿನ ಮೇಣವನ್ನು ಕಾಗದ ಹೀರುತ್ತದೆ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಬಟ್ಟೆಯಲ್ಲಿ ಎಣ್ಣೆಯ ನೆರಳಿನಂಥ ಜಿಡ್ಡು ಉಳಿಯುತ್ತದೆ. ಕುದಿಸಲೇಬೇಕು. ದೊಡ್ಡ ಪಾತ್ರೆಯಲ್ಲಿ ಸೋಪಿನ ಪುಡಿ ಹಾಕಿದ ನೀರು ಕುದಿಯುತ್ತಿರುವಾಗ ಬಟ್ಟೆಯನ್ನು ಕೋಲಿನಿಂದ ಒತ್ತಿ ಕೆಲವು ನಿಮಿಷ ಆಡಿಸಿ, ಇಕ್ಕಳದಿಂದ ಎತ್ತಿ ಪಕ್ಕದ ತಣ್ಣೀರಿನ ಬಕೆಟ್ಟಿಗೆ ಹಾಕಬೇಕು. ಮೇಲೆ ತೇಲುವ ಮೇಣ ಎತ್ತುವಾಗ ಬಟ್ಟೆಗೆ ಮತ್ತೆ ಸವರಿಕೊಳ್ಳುತ್ತದೆ. ತಣ್ಣೀರಿನಲ್ಲಿ ಅದು ಹರಳಾಗುವುದರಿಂದ ಉಜ್ಜಿದರೆ ಉದುರುತ್ತದೆ. ಎರಡು ಮೂರು ಸಲ ಹೀಗೆ ಮಾಡಿದರೆ ಬಟ್ಟೆ ಮೊದಲಿನ ಮೆದುತನಕ್ಕೆ ಬರುತ್ತದೆ.

ಕುದಿಸಿದ ನೀರನ್ನು ಬಿಸಿ ಇರುವಾಗ ಸಿಂಕಿಗೋ ಬಚ್ಚಲಿಗೋ ಸುರಿಯುವುದು ಅಪಾರ್ಟ್‌ಮೆಂಟಿನ ಇಡೀ ಕೊಳವೆಯನ್ನು ಕಟ್ಟಿಸುವ ಕೆಲಸ. ಪಾತ್ರೆಯನ್ನು ರಾತ್ರಿಯಿಡೀ ಹಾಗೆಯೇ ಬಿಟ್ಟರೆ ಮೇಣ ತಟ್ಟೆಯಂತೆ ಗಟ್ಟಿಯಾಗಿ ಮೇಲೆ ನಿಲ್ಲುತ್ತದೆ, ಅದನ್ನು ಎತ್ತಿ ಉಳಿದ ನೀರನ್ನು ಬಟ್ಟೆಯಲ್ಲಿ ಸೋಸಿ ಚೆಲ್ಲಬೇಕು. ಸೋಡಾ ಇರುವ ಬಣ್ಣದ ನೀರಿಗೆ ವಿನೆಗರ್ ಸೇರಿಸಿದರೆ ಕ್ಷಾರ ತಗ್ಗುತ್ತದೆ. ಇದನ್ನು ಒಳಚರಂಡಿಗೆ ಬಿಡಬಹುದೇ ಹೊರತು ಮನೆಯ ಮುಂದಿನ ಮಳೆನೀರಿನ ಚರಂಡಿಗೆ ಬಿಡಬಾರದು, ಏಕೆಂದರೆ ಅದು ರಾಜಕಾಲುವೆಯ ಮೂಲಕ ಯಾವುದಾದರೂ ಕೆರೆಗೆ ಹೋಗಿ ಸೇರುತ್ತದೆ. ಎತ್ತಿಟ್ಟ ಮೇಣದ ತಟ್ಟೆಯಲ್ಲಿ ನೀರು ಮತ್ತು ಸೋಪು ಸಿಕ್ಕಿಕೊಂಡಿರುತ್ತವೆ. ಹಾಗೆಯೇ ಮತ್ತೆ ಕಾಯಿಸಿದರೆ ಅದು ಚಟಪಟನೆ ಸಿಡಿಯುತ್ತದೆ. ಅಡಿಯ ಗಸಿಯನ್ನು ಚಾಕುವಿನಿಂದ ಕೆರೆದು, ಚೂರು ಮಾಡಿ ಕೆಲವು ದಿನ ಗಾಳಿಗೆ ಒಣಗಿಸಿದ ಮೇಲೆ, ಹೊಸ ಮೇಣದೊಂದಿಗೆ ಬೆರೆಸಿ ದೊಡ್ಡ ಜಾಗಗಳನ್ನು ಮುಚ್ಚಲು ಬಳಸಬಹುದು. ಸೂಕ್ಷ್ಮ ಗೆರೆಗೆ ಮಾತ್ರ ಪ್ರತಿ ಸಲವೂ ಹೊಸ ಮೇಣವನ್ನೇ ಇಟ್ಟುಕೊಳ್ಳಬೇಕು, ಹಳೆಯದರಲ್ಲಿ ಉಳಿದ ಕಸ ಚಾಂಟಿಂಗ್‌ನ ನಳಿಕೆಯನ್ನು ಪದೇ ಪದೇ ಕಟ್ಟುತ್ತದೆ.